ಕಾಪಾಡಲು ಸಿದ್ಧರೇ ಎಂಬ ಪ್ರಶ್ನೆ

ಬಾನ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಡಾಕ್ಟರೇಟ್ ಮಾಡುತ್ತಿದ್ದಾಗ ಯಹೂದಿಗಳ ಮನೆಬಾಗಿಲು ತಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಇಸ್ರೇಲಿನ ಆರು ದಿನಗಳ ಯುದ್ಧ ಇನ್ನೂ ಎಲ್ಲರ ಬಾಯಲ್ಲಿತ್ತು. ಜರ್ಮನಿಯಲ್ಲಿ ಉಳಿದುಕೊಂಡ, ಇಲ್ಲವೇ ತಿರುಗಿ ಬಂದ ಯಹೂದಿಗಳು ತಮ್ಮನ್ನು ಯಾವ ದೇಶದವರೆಂದುಕೊಳ್ಳುತ್ತಾರೆ, ಇಸ್ರೇಲ್ ಎಂಬ ದೇಶ ತಮಗೆ ಏನಾಗಬೇಕೆನ್ನುತ್ತಾರೆ, ಅದಕ್ಕೆ ಆಪತ್ತು ಬಂದರೆ ಕಾಪಾಡಲು ಸಿದ್ಧರಿದ್ದಾರೆಯೇ ಎಂದು ತಿಳಿಯುವ ಆಸೆ ನಮ್ಮ ಪ್ರೊಫೆಸರರಿಗೆ. ಮೊದಲು ಇಬ್ಬರು ಜರ್ಮನ್ ವಿದ್ಯಾರ್ಥಿಗಳನ್ನು ಕಳಿಸಿದರು. ಅವರು ಕೈಯಲ್ಲಿ ಕಾಗದ ಹಿಡಿದು, ಬೆಲ್ ಒತ್ತಿ, "ಈ ಮನೆಯವರು ಯಹೂದಿಗಳಲ್ಲವೇ?" ಎಂದು ಕೇಳಿದರಂತೆ. ಆ ಮನೆಗಳವರು ಅದೇ ಪ್ರಶ್ನೆಯನ್ನು ಅದೇ ಭಾಷೆಯಲ್ಲಿ ಹಿಟ್ಲರನ ಕಾಲದಲ್ಲೊಮ್ಮೆ ಕೇಳಿಸಿಕೊಂಡವರು. ಒಂದು ಬಾಗಿಲೂ ತೆರೆಯಲಿಲ್ಲ.

ಆಗ ಪ್ರೊಫೆಸರರ ಕಣ್ಣು ನನ್ನ ಸೀರೆಯ ಮೇಲೆ ಬಿತ್ತು. ಸೀರೆ ಉಟ್ಟು, ಮೇಲೆ ಉಣ್ಣೆಯ ಕೋಟು ತೊಟ್ಟು, ಹಣೆಗೆ ಕುಂಕುಮ ಇಟ್ಟ ಧಾರವಾಡದ ಹೆಂಗಸನ್ನು ಕಂಡು ಯಾರು ಹೆದರುತ್ತಾರೆ? ಬಾಗಿಲುಗಳು ತೆರೆದವು. ತೆರೆದವು ಎನ್ನುವುದಕ್ಕಿಂತ ನನ್ನನ್ನು ಒಳಗೆ ಎಳೆದುಕೊಂಡವು ಎಂದರೇ ಸರಿ. ಮೊದಲು ಚಹಾ, ಆಮೇಲೆ ಕೇಕು, ಆಮೇಲೆ ಮದುವೆಯಾಗಿದೆಯೇ, ಮಕ್ಕಳು ಯಾಕಿಲ್ಲ, ಗಂಡ ಏನು ಮಾಡುತ್ತಾನೆ. ನಾನು ಅವರ ಅಭಿಪ್ರಾಯ ಕೇಳುವ ಹೊತ್ತಿಗೆ ಅವರು ನನ್ನ ವಂಶಾವಳಿಯನ್ನೇ ಕೇಳಿ ಮುಗಿಸಿರುತ್ತಿದ್ದರು. ನನಗೆ ಊರಿಗೆ ಹೋದಷ್ಟೇ ಸಂತೋಷವಾಗುತ್ತಿತ್ತು. ನನ್ನ ಗಂಡ ಅಲ್ಲೇ ರಸಾಯನಶಾಸ್ತ್ರದ ಸಂಶೋಧಕ. ಸಂಜೆ ನಾನು ಹೊಟ್ಟೆ ತುಂಬಿಸಿಕೊಂಡು ಬಂದರೆ ಅವನಿಗೆ ಸಿಟ್ಟು.

"ನೀ ಸರ್ವೇ ಮಾಡ್ಲಿಕ್ಕೆ ಹೋಗ್ತೀಯೋ, ಊಟಕ್ಕ ಹೋಗ್ತೀಯೋ? ನಾ ಇಲ್ಲಿ ಲ್ಯಾಬ್‌ನಿಂದ ಬಂದು ಬ್ರೋಟ್ ತಿಂದು ಕೂತೀನಿ," ಎನ್ನುತ್ತಿದ್ದ. ಬ್ರೋಟ್ ಎಂದರೆ ಜರ್ಮನರ ಬ್ರೆಡ್ಡು.

"ಬ್ರೋಟ್ ಮ್ಯಾಲೆ ಚಟ್ನಿಪುಡಿ ಹಚ್ಕೊಂಡು ತಿಂದೀಯಲ್ಲ, ಮತ್ತೇನ ಬೇಕು? ಡಬ್ಬಿ ಅರ್ಧ ಖಾಲಿ ಅದ," ಎಂದು ನಾನೂ ಬಿಡುತ್ತಿರಲಿಲ್ಲ.

ಉತ್ತರಗಳು ಮಾತ್ರ ಪ್ರೊಫೆಸರರು ಬಯಸಿದಂತೆ ಹೌದು, ಇಲ್ಲ ಎಂಬ ಎರಡು ಬುಟ್ಟಿಗಳಲ್ಲಿ ಬೀಳುತ್ತಿರಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ತಾವು ಜರ್ಮನರಲ್ಲ, ಜರ್ಮನಿಯಲ್ಲಿರುವ ಯಹೂದಿ ಎಂದು ನನಗೆ ಹಲ್ಲು ಕಚ್ಚಿ ಬಿಡಿಸಿ ಹೇಳಿದರು. ಬಟ್ಟೆ ವ್ಯಾಪಾರಿಯೊಬ್ಬರು ಇಸ್ರೇಲ್ ಬೇಕೇ ಬೇಕು, ಅದಕ್ಕಾಗಿ ಪ್ರಾಣ ಕೊಡುತ್ತೇನೆ, ಆದರೆ ಅಲ್ಲಿನ ಬಿಸಿಲು ನನಗಾಗದು ಎಂದರು. ಒಬ್ಬ ಮುದುಕಿ ತನ್ನ ಗಂಡನ ಸಮಾಧಿ ಎಲ್ಲಿದೆಯೋ ಅದೇ ತನ್ನ ದೇಶ ಎಂದು ಮಾತು ಮುಗಿಸಿಬಿಟ್ಟಳು. ಹಲವರು, ನಮ್ಮ ಸೂಟ್‌ಕೇಸ್ ಕಟ್ಟಿಟ್ಟೇ ಇದೆ ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಕಟ್ಟಿಟ್ಟ ಸೂಟ್‌ಕೇಸಿನ ಮೇಲೆ ಕುಳಿತು ಸಂಸಾರ ಮಾಡುವುದು ನನಗೆ ಅರ್ಥವಾಗಲು ತುಸು ಸಮಯ ಬೇಕಾಯಿತು.

ಅರ್ಥ ಮಾಡಿಸಿದ್ದು ಕನ್ನಡಕದ ಅಂಗಡಿಯ ಯಜಮಾನರ ಮನೆ. ಗಂಡ, ಹೆಂಡತಿ, ಹತ್ತೊಂಬತ್ತು ವರ್ಷದ ಒಬ್ಬಳೇ ಮಗಳು. ಹಿಟ್ಲರನ ಕಾಲದಲ್ಲಿ ಗಂಡ-ಹೆಂಡತಿ ದಕ್ಷಿಣ ಅಮೆರಿಕಕ್ಕೆ ಓಡಿಹೋಗಿದ್ದರು. ಮಗಳು ಅಲ್ಲೇ ಹುಟ್ಟಿದವಳು. ಅವಳು ಚಿಕ್ಕವಳಿದ್ದಾಗಲೇ ಮೂವರೂ ಬಾನ್‌ಗೆ ಬಂದರು. ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ ಯಜಮಾನರು, "ಸ್ಪ್ಯಾನಿಷ್‌ನಲ್ಲಿ ಕನ್ನಡಕ ಮಾರಬಹುದಮ್ಮ, ಹೆಂಡತಿ ಜೊತೆ ಜಗಳ ಆಡೋಕಾಗಲ್ಲ," ಎಂದರು. ನಗಿಸಿ ಮಾತು ಮರೆಸುವುದರಲ್ಲಿ ಪಳಗಿದ ಮನುಷ್ಯ. ಆದರೆ ದೇಶದ ವಿಷಯಕ್ಕೆ ಬಂದರೆ ನಗು ಮಾಯ. ಅವರ ತಂದೆ ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿ ಪದಕ ಪಡೆದವರು. ಎರಡನೆಯ ಯುದ್ಧದಲ್ಲಿ ಅದೇ ಜರ್ಮನಿ ಆ ಮುದುಕನನ್ನು ರೈಲು ಹತ್ತಿಸಿ ಕಳಿಸಿ ಕೊಂದಿತು.

"ಅದಕ್ಕೇ ಇದು ಮನೆ ಅಲ್ಲ. ಛತ್ರ. ಬಾಡಿಗೆ ಕೊಡ್ತೀವಿ, ಇದೀವಿ," ಎಂದರು. ಇಸ್ರೇಲನ್ನು ಕಾಪಾಡಲು ಸಿದ್ಧರೇ ಎಂಬ ನನ್ನ ಕೊನೆಯ ಪ್ರಶ್ನೆಗೆ ಮೇಜು ಗುದ್ದಿ, "ಸಿದ್ಧ! ಇವತ್ತೇ!" ಎಂದರು. ಮಂಡಿನೋವಿಗೆ ಮೆಟ್ಟಿಲು ಹತ್ತಲಾಗದವರು. ಅವರ ಹೆಂಡತಿಯನ್ನು ಕೇಳಿದೆ. "ಅವರು ಹೇಳಿದ್ದನ್ನೇ ಬರ್ಕೋ ಮಗು," ಎಂದು ಎದ್ದು ಒಳಗೆ ಹೋದರು.

ಆಮೇಲೆ ನಾನು ಪ್ರಶ್ನೆ ಕೇಳಲು ಹೋಗುವುದು ನಿಂತು, ಸುಮ್ಮನೆ ಹೋಗುವುದು ಶುರುವಾಯಿತು. ಅವರ ಅಡುಗೆಮನೆಯಲ್ಲಿ ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ. ಒಂದರ ಚಮಚ ಇನ್ನೊಂದಕ್ಕೆ ತಾಗಬಾರದು. ಎಷ್ಟೋ ಜರ್ಮನ್ ನೆರೆಯವರಿಗೆ ವರ್ಷಗಟ್ಟಲೆ ಹೇಳಿದರೂ ತಲೆಗೆ ಹೋಗದ ಈ ಶಾಸ್ತ್ರ ನನಗೆ ಒಂದೇ ದಿನದಲ್ಲಿ ಅರ್ಥವಾಯಿತು. ಮುಸುರೆ ಕೈಯಲ್ಲಿ ಮೊಸರಿನ ಗಡಿಗೆ ಮುಟ್ಟಿ ಅಜ್ಜಿಯಿಂದ ಬೈಸಿಕೊಂಡು ಬೆಳೆದವಳಿಗೆ ಇದೇನು ಹೊಸದೇ? ಯಜಮಾನಿ ನನ್ನನ್ನು ಅಡುಗೆಮನೆಯೊಳಗೆ ಬಿಟ್ಟುಕೊಂಡರು. ಮಾಂಸ ತಿನ್ನದ ನನಗಾಗಿ ಹಾಲಿಗೆ ಮೀಸಲಾದ ಪಾತ್ರೆಯಲ್ಲಿ ಆಲೂಗಡ್ಡೆ ಪಲ್ಯ ಮಾಡಿಡುತ್ತಿದ್ದರು.

ಎಡವಿದ್ದು ಬೇರೆ ಕಡೆ. ಶುಕ್ರವಾರ ಸಂಜೆ ಸೂರ್ಯ ಮುಳುಗಿದರೆ ಅವರಿಗೆ ಸಬ್ಬತ್ ದಿನ. ಬೆಂಕಿ ಹಚ್ಚುವಂತಿಲ್ಲ, ಆರಿಸುವಂತಿಲ್ಲ, ಬರೆಯುವಂತಿಲ್ಲ. ನನ್ನಂಥ ಹೊರಗಿನವರು ಮಾಡಬಹುದು, ಆದರೆ ಅವರು ಬಾಯಿ ಬಿಟ್ಟು ಕೇಳುವಂತಿಲ್ಲ. ಮೊದಲ ಶುಕ್ರವಾರ ಯಜಮಾನರು ಸೂರನ್ನು ನೋಡುತ್ತಾ, "ಈ ಕೋಣೆ ಎಷ್ಟೊಂದು ಬೆಚ್ಚಗಿದೆ!" ಎಂದರು. ಪಾಪ ಸೆಕೆಯಾಗಿರಬೇಕೆಂದು ನಾನು ಎದ್ದು ಕಿಟಕಿ ತೆರೆದೆ. ಜನವರಿ ತಿಂಗಳು. ಹೊರಗಿನ ಹಿಮವೆಲ್ಲ ಸೂಪಿನ ಬಟ್ಟಲಿಗೆ ಬಂತು. ಎಲ್ಲರೂ ನಡುಗಿದರು. ಕೊನೆಗೆ ಹುಡುಗಿ ತಡೆಯಲಾರದೆ ಬಿದ್ದುಬಿದ್ದು ನಕ್ಕು, ಗ್ಯಾಸ್ ಹೀಟರಿನ ಕಡೆ ಬರೀ ಕಣ್ಣಿನಲ್ಲೇ ತೋರಿಸಿದಳು. ಕಿಟಕಿ ಮುಚ್ಚಿ, ಹೀಟರ್ ಆರಿಸಿ ಕೂತೆ. ಅಂದಿನಿಂದ ಆ ಮನೆಯಲ್ಲಿ ಗಾಳಿಗೆ ಆಡಿದ ಮಾತೆಲ್ಲ ನನಗೇ ಎಂದು ತಿಳಿದುಕೊಂಡೆ.

ಸಬ್ಬತ್ತಿನ ಊಟಕ್ಕೆ ಮುಂಚೆ ಒಂದು ಪದ್ಧತಿಯಿತ್ತು. ಯಜಮಾನರು ಮಗಳ ತಲೆಯ ಮೇಲೆ ಎರಡೂ ಕೈ ಇಟ್ಟು, ಅವರ ವಂಶದ ನಾಲ್ವರು ಆದಿಮಾತೆಯರ ಹೆಸರು ಹೇಳಿ, ದೇವರು ನಿನ್ನನ್ನೂ ಹಾಗೆ ಮಾಡಲಿ, ನಿನ್ನನ್ನು ಕಾಯಲಿ ಎಂದು ಹರಸುತ್ತಿದ್ದರು. ಹತ್ತೊಂಬತ್ತರ ಹುಡುಗಿ, ಕಿವಿ ತುಂಬ ಹೊಸ ಹಾಡು, ಮಂಡಿ ಕಾಣುವ ಲಂಗ, ಆದರೂ ಆ ಗಳಿಗೆಯಲ್ಲಿ ಹಸುವಿನಂತೆ ನಿಲ್ಲುತ್ತಿದ್ದಳು. ನನಗೆ ನಮ್ಮಪ್ಪನ ನೆನಪಾಗುತ್ತಿತ್ತು.

ಊಟವಾದ ಮೇಲೆ ಯಜಮಾನರ ಭಾಷಣ. ನಮಗೂ ಈಗ ಒಂದು ದೇಶ ಇದೆ, ಪ್ರತಿಯೊಬ್ಬ ಯಹೂದಿಯೂ ಅದಕ್ಕೆ ಕಾವಲು ನಿಲ್ಲಬೇಕು, ನಮ್ಮಪ್ಪ ತಪ್ಪು ದೇಶಕ್ಕೆ ಬಂದೂಕು ಹಿಡಿದ. ವಾರವಾರ ಇದೇ ಮಾತು. ಒಮ್ಮೆ ನನ್ನನ್ನೂ ಕೇಳಿದರು, ನಿನ್ನ ದೇಶ ಯಾವುದು ಎಂದು. ನಾನು ಹುಟ್ಟಿದಾಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ನಾನು ಶಾಲೆಯಲ್ಲಿದ್ದಾಗ ಮೈಸೂರು ರಾಜ್ಯಕ್ಕೆ ಸೇರಿತು, ನಾನು ಮಾತ್ರ ಅದೇ ಓಣಿಯಲ್ಲೇ ಇದ್ದೆ ಎಂದೆ. ಚೀನಾ ಯುದ್ಧದಲ್ಲಿ ನಮ್ಮವ್ವ ಕೈಯ ಬಂಗಾರದ ಬಳೆ ಬಿಚ್ಚಿ ಕೊಟ್ಟಳು ಎಂದೂ ಹೇಳಿದೆ. ಯಜಮಾನರು ಬಹಳ ಮೆಚ್ಚಿದರು. "ನೋಡು, ಹೀಗಿರಬೇಕು!" ಎಂದು ಮಗಳ ಕಡೆ ತಿರುಗಿದರು.

ಮಗಳು ನೋಡಿಯೇ ಇದ್ದಳು. ವಸಂತದ ಒಂದು ಶುಕ್ರವಾರ, ಭಾಷಣದ ನಡುವೆ, ತಾನು ಇಸ್ರೇಲಿಗೆ ಹೋಗಿ ನೆಲೆಸುವುದಾಗಿಯೂ ಅಲ್ಲಿನ ಹುಡುಗಿಯರ ಹಾಗೆ ಸೈನ್ಯಕ್ಕೆ ಸೇರುವುದಾಗಿಯೂ ಹೇಳಿದಳು. ಎಲ್ಲ ಗೊತ್ತುಮಾಡಿಕೊಂಡೇ ಬಂದಿದ್ದಳು. ಯಜಮಾನರ ಮುಖದ ಬಣ್ಣ ಇಳಿಯಿತು.

"ನೀನು ಹೋಗೋ ಹಾಗಿಲ್ಲ."

"ಸಿದ್ಧ ಅಂತ ನೀವೇ ಹೇಳ್ತಿದ್ರಲ್ಲ, ಪಪ್ಪಾ."

"ನಾನು ನನ್ನ ಬಗ್ಗೆ ಹೇಳ್ತಿದ್ದೆ!"

"ನಾನು ಅದನ್ನೇ ಕೇಳಿಸ್ಕೊಂಡು ಬೆಳೆದೆ," ಎಂದಳು ಹುಡುಗಿ. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ.

ತಾನೇ ಬಿತ್ತಿದ್ದು ತನ್ನ ಹಿತ್ತಲಲ್ಲೇ ಮೊಳೆತರೆ ಯಾರು ಏನು ಮಾಡಲಾದೀತು? ಯಜಮಾನರು ಮಗಳ ಜೊತೆ ಮಾತು ಬಿಟ್ಟರು. ಮುಂದಿನ ಶುಕ್ರವಾರ ಹರಸುವ ಹೊತ್ತಿಗೆ ಹುಡುಗಿ ಎಂದಿನ ಜಾಗದಲ್ಲಿ ಬಂದು ನಿಂತಳು. ಅಪ್ಪ ಅವಳನ್ನು ದಾಟಿ ಹೋಗಿ ಕುರ್ಚಿಯಲ್ಲಿ ಕುಳಿತರು. ಅದರ ಮುಂದಿನ ಶುಕ್ರವಾರಗಳಲ್ಲಿ ಅವಳು ಬಂದು ನಿಲ್ಲುವುದನ್ನೇ ಬಿಟ್ಟಳು. ಅಡುಗೆಮನೆಯಲ್ಲಿ ಯಜಮಾನಿ ಪಾತ್ರೆ ಒರೆಸುತ್ತಾ ನನ್ನೊಡನೆ, "ಹೋಗೋದನ್ನ ತಡೆಯೋಕಾಗಲ್ಲ ಮಗು, ಅವಳು ಅವರ ಮಗಳೇ. ಆದರೆ ಅಪ್ಪನ ಕೈ ತಲೆ ಮೇಲೆ ಬೀಳದೆ ಹೇಗೆ ಕಳಿಸಲಿ?" ಎಂದು ಅತ್ತರು. ನಾನೂ ಅತ್ತೆ.

ಹುಡುಗಿ ಹೊರಡುವ ಮುಂಚಿನ ಶುಕ್ರವಾರ ನನ್ನ ಪಾಲಿಗೆ ಒಳ್ಳೆಯ ವಾರ. ನನ್ನ ಡಾಕ್ಟರೇಟ್ ಪರೀಕ್ಷೆ ಮುಗಿದು ಪಾಸಾಗಿದ್ದೆ. ಊರಲ್ಲಾಗಿದ್ದರೆ ಮೊದಲು ದೇವರಿಗೆ, ಆಮೇಲೆ ಮನೆಯ ಹಿರಿಯರಿಗೆಲ್ಲ ನಮಸ್ಕಾರ. ಬಾನ್‌ನಲ್ಲಿ ಹಿರಿಯರು ಎಲ್ಲಿಂದ ತರಲಿ? ಗಂಡನ ಕಾಲಿಗೆ ಬೀಳಲೇ ಎಂದರೆ, "ಬ್ಯಾಡ ಮಾರಾಯ್ತಿ, ನನಗ ವಯಸ್ಸಾದಂಗ ಅನಸ್ತದ. ಆ ಕನ್ನಡಕದವ್ರಿಗೇ ಮಾಡು, ವಾರಾ ವಾರಾ ಉಂಡೀಯಲ್ಲ," ಎಂದು ನಕ್ಕ. ಅವನು ತಮಾಷೆಗೆ ಅಂದದ್ದು. ನನಗೆ ಅದೇ ಸರಿ ಅನ್ನಿಸಿತು.

ಯಜಮಾನರು ಪ್ರಾರ್ಥನೆ ಮುಗಿಸಿ ಬಂದು ಮೇಜಿನ ತಲೆಯಲ್ಲಿ ನಿಂತಿದ್ದರು. ಯಜಮಾನಿಯ ದೀಪಗಳು ಉರಿಯುತ್ತಿದ್ದವು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ನಾನು, ಪಾಸಾದೆ, ಎಂದು ಹೇಳಿದವಳೇ ಸೆರಗು ಹೊದ್ದು ಅವರ ಪಾದದ ಬಳಿ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದೆ.

"ಏಳು! ಏಳು! ಏನಿದು!" ಎಂದು ಕೂಗಿದರು ಯಜಮಾನರು. "ನಮ್ಮಲ್ಲಿ ಮನುಷ್ಯರಿಗೆ ಯಾರೂ ಅಡ್ಡಬೀಳಲ್ಲ!" ನನ್ನ ಗ್ರಹಚಾರಕ್ಕೆ ಅದನ್ನು ಯಾರೂ ನನಗೆ ಹೇಳಿರಲಿಲ್ಲ. ದೇವರಿಗಲ್ಲದೆ ಯಾರಿಗೂ ಬಾಗದ ಜನರ ಮನೆಯಲ್ಲಿ, ಸಬ್ಬತ್ ದಿನ, ನಾನು ಕನ್ನಡಕ ಮಾರುವವರನ್ನು ವಿಗ್ರಹ ಮಾಡಿ ಕೂರಿಸಿದ್ದೆ. ನಾಚಿಕೆಯಾಯಿತು. ಆದರೂ ಹರಸದೆ ಏಳುವ ಅಭ್ಯಾಸ ನನಗಿಲ್ಲ.

"ನಮ್ಮಲ್ಲಿ ಹಿರಿಯರು ತಲೆ ಮೇಲೆ ಕೈ ಇಟ್ಟರೇನೇ ಏಳೋದು," ಎಂದೆ, ಕೂತಲ್ಲಿಂದಲೇ.

ಯಜಮಾನರು ಪೇಚಿಗೆ ಬಿದ್ದರು. ಬೇರೆ ದಾರಿ ಕಾಣದೆ ಬಲಗೈಯನ್ನು ನನ್ನ ತಲೆಯ ಮೇಲಿಟ್ಟರು. ಆಗ ಹುಡುಗಿ ಬಂದಳು. ನಕ್ಕಳೋ ಅತ್ತಳೋ ನನಗೆ ಕಾಣಲಿಲ್ಲ, ಲಂಗ ಎಳೆದುಕೊಂಡು ನನ್ನ ಪಕ್ಕದಲ್ಲಿ ಮಂಡಿಯೂರಿದಳು. ಅವಳ ಭುಜ ನನ್ನ ಭುಜಕ್ಕೆ ತಗುಲಿತು. ಯಜಮಾನರ ಎಡಗೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಅವಳ ತಲೆಯ ಮೇಲೆ ಇಳಿಯಿತು. ಕೈ ಇಳಿದ ಮೇಲೆ ಬಾಯಿ ಕೇಳುತ್ತದೆಯೇ, ಅವಳು ಹುಟ್ಟಿದಂದಿನಿಂದ ಹೇಳಿದ ಮಾತು ತಾನಾಗಿ ಬಂತು. ನಾಲ್ವರು ತಾಯಂದಿರ ಹೆಸರು ಹೇಳಿದರು. ದೇವರು ನಿನ್ನನ್ನು ಕಾಯಲಿ ಎನ್ನುವಲ್ಲಿ ದನಿ ಒಡೆಯಿತು. ಬಲಗೈ ಯಾವಾಗ ನನ್ನ ತಲೆ ಬಿಟ್ಟು ಅವಳ ತಲೆಗೆ ಹೋಯಿತೋ ನನಗೆ ತಿಳಿಯಲಿಲ್ಲ. ನಾನು ಮೆಲ್ಲಗೆ ಎದ್ದು ಯಜಮಾನಿಯ ಪಕ್ಕ ಹೋಗಿ ನಿಂತೆ. ಅವರು ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

"ಶೂರಳಾಗು ಅಂತ ನಾನು ಹರಸಲಿಲ್ಲ, ಗೊತ್ತಾಯ್ತಾ?" ಎಂದರು ಯಜಮಾನರು ಮಗಳಿಗೆ. "ಕೆಲಸ ಮುಗಿಸಿ ಮನೆಗೆ ಬಾ ಅಂತ ಹರಸಿದ್ದು."

ಹುಡುಗಿ ತಲೆಯೆತ್ತಿದಳು. "ಯಾವ ಮನೆಗೆ, ಪಪ್ಪಾ?"

ನನ್ನ ಪ್ರಶ್ನೆಗಳಲ್ಲೆಲ್ಲ ಮೊದಲನೆಯದು ಅದೇ ಆಗಿತ್ತು. ಇದು ಮನೆ ಅಲ್ಲ, ಛತ್ರ ಎಂಬ ಅವರ ಉತ್ತರವೂ ನನಗೆ ಬಾಯಿಪಾಠವಾಗಿತ್ತು. ಯಜಮಾನರು ಕೋಣೆಯನ್ನು, ದೀಪಗಳನ್ನು, ನಮ್ಮಿಬ್ಬರನ್ನು ಒಮ್ಮೆ ನೋಡಿದರು.

"ಇಲ್ಲಿಗೆ," ಎಂದರು. "ಬಾನ್‌ಗೆ. ಇನ್ನೆಲ್ಲಿದೆ ನಮ್ಮನೆ?"