ಬಿಳಿ ಗೋಡೆ ಮತ್ತು ಹುಣಸೆ ಮರ

ನೈರೋಬಿಯಲ್ಲಿ ಸಮುದ್ರವಿಲ್ಲ. ಇದನ್ನೊಂದು ದೂರೆಂದು ಹೇಳಿದರೆ ಕಾರ್ಖಾನೆಯ ಗೆಳೆಯರು ನಗುತ್ತಾರೆ, ಹವೆ ಎಷ್ಟು ತಂಪಾಗಿದೆ ನೋಡು ಎನ್ನುತ್ತಾರೆ. ತಂಪನ್ನು ಕಟ್ಟಿಕೊಂಡು ನಾನೇನು ಮಾಡಲಿ? ನ್ಗಾರಾ ಬಡಾವಣೆಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬನೇ ಇದ್ದೇನೆ. ಭಾನುವಾರ ಸರೋವರದ ಮೀನು ತಂದು ಸಾರು ಮಾಡುತ್ತೇನೆ. ಉಪ್ಪು ನೀರು ಕಂಡರಿಯದ ಮೀನು; ಎಷ್ಟು ಹುಳಿ ಹಾಕಿದರೂ ಅದಕ್ಕೆ ನಮ್ಮ ರುಚಿ ಹತ್ತುವುದಿಲ್ಲ.

ಅಂಥದೊಂದು ಭಾನುವಾರ ಕಾರವಾರದಿಂದ ತಮ್ಮ ಫೋನ್ ಮಾಡಿದ. ಅಪ್ಪ ತೀರಿಹೋಗಿ ವರ್ಷವಾಗಿತ್ತು. ಅಲ್ಲಿಯತನಕ ಮಲ್ಪೆಯ ಟ್ರಾಲರಿನಲ್ಲಿ ದುಡಿಯುತ್ತಿದ್ದ ತಮ್ಮ ಈಗ ಅಪ್ಪನ ದೋಣಿ ಹಿಡಿದಿದ್ದ.

"ಅಣ್ಣಾ, ಅಪ್ಪನ ಕಲ್ಲು ಎಲ್ಲುಂಟು ಅಂತ ನಿಂಗೆ ಗೊತ್ತುಂಟಲ್ಲ?"

ಅಪ್ಪನ ಕಲ್ಲೆಂದರೆ ನೀರಿನಡಿಯ ಬಂಡೆ. ಬೇರೆಯವರ ಬಲೆ ಖಾಲಿ ಬಂದ ದಿನವೂ ಅಲ್ಲಿ ಗಾಳ ಬಿಟ್ಟರೆ ಮೀನು ಸಿಗುತ್ತಿತ್ತು. ಅದರ ಗುರುತನ್ನು ಹಿರಿಮಗನಿಗೆ ಮಾತ್ರ, ಅದೂ ನೀರಿನ ಮೇಲೆ ದೋಣಿಯಲ್ಲಿ ಕೂತು ಹೇಳುವುದು ನಮ್ಮ ಮನೆಯ ಪದ್ಧತಿ. ನೆಲದ ಮೇಲೆ ಹೇಳಿದರೆ ಮೀನು ಬಿಟ್ಟುಹೋಗುತ್ತದಂತೆ. ಹಿರಿಮಗ ಔಷಧಿ ಕಾರ್ಖಾನೆ ಸೇರಿದ, ಗುರುತೂ ಅವನ ಜೊತೆ ಆಫ್ರಿಕಾಕ್ಕೆ ಬಂತು.

"ಜಿಪಿಎಸ್ ಇಲ್ವೇನೋ ದೋಣೀಲಿ?"

"ಉಂಟು. ಅದಕ್ಕೆ ಜಾಗ ತೋರ್ಸೂದು ಯಾರು? ಈ ವರ್ಷ ಮೀನೇ ಇಲ್ಲ ಅಣ್ಣಾ. ಹೀಗೇ ಆದ್ರೆ ದೋಣಿ ಮಾರೂದೇ."

ಅಪ್ಪನ ದೋಣಿ ಮಾರುವುದೆಂದರೆ ನನಗೆ ಸಂಕಟವಾಯಿತು. ನಾನಿರುವುದು ನೆಲದ ಮೇಲಲ್ಲ, ಮೂರನೇ ಮಹಡಿಯಲ್ಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿ, ಕೆಳಗಿನ ಮಟಾಟು ವ್ಯಾನುಗಳ ಹಾರ್ನ್ ಕೇಳದಂತೆ ಕಿಟಕಿ ಮುಚ್ಚಿ, ಗುರುತು ಹೇಳಿದೆ.

ಮೊದಲನೆಯದು ಅಂಜುದೀವ. ಆ ದ್ವೀಪ ಇರುವುದು ನಮ್ಮೂರ ಕಣ್ಣೆದುರಿಗೆ, ಸೇರಿದ್ದು ಮಾತ್ರ ಗೋವಾಕ್ಕೆ. ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿ ತೋಪು ಇಟ್ಟಿದ್ದರು. ಹತ್ತಿರ ಹೋದ ದೋಣಿಯ ಮೇಲೆ ಗುಂಡು ಹಾರುತ್ತಿತ್ತೆಂದು ಅಜ್ಜ ಹೇಳುತ್ತಿದ್ದ. ಅವರು ಹೋದರು, ನಮ್ಮ ನೌಕಾಪಡೆ ಬಂತು. ಯಾರು ಬಂದರೂ ಕಾವಲಿಗೆ ಅದೇ ಬೇಕು. ಅಲ್ಲಿ ನಿಂತರೆ ಬರುವ ಹಡಗು, ಹೋಗುವ ಹಡಗು ಎಲ್ಲ ಕಾಣುತ್ತದೆ. ನಮಗೆ ಬೇಕಾಗಿದ್ದು ಅಲ್ಲಿನ ಕ್ರೈಸ್ತರ ಇಗರ್ಜಿಯ ಬಿಳಿ ಗೋಡೆಯಷ್ಟೇ. ದೋಣಿಯಿಂದ ನೋಡಿದರೆ ಅದು ಕೋಟೆಯ ಮೂಲೆಗೆ ನೇರ ಬರಬೇಕು. ಎರಡನೆಯದು ದಡದಲ್ಲಿ ನಮ್ಮ ಮನೆಯ ಹುಣಸೆ ಮರ, ಅದು ಹಿಂದಿನ ಗುಡ್ಡದ ನೆತ್ತಿಗೆ ನೇರ ಬರಬೇಕು. ಎರಡೂ ಒಟ್ಟಿಗೆ ಕೂಡಿದಲ್ಲಿ ಲಂಗರು.



"ಹುಣಸೆ ಮರ ಈಗ ಎಲ್ಲುಂಟು ಅಣ್ಣಾ?"

ನೌಕಾನೆಲೆಗೆಂದು ನಮ್ಮೂರನ್ನು ಎಬ್ಬಿಸಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಕಡಲಿಗೆ ಕಲ್ಲು ತುಂಬಿ ದ್ವೀಪವನ್ನು ದಡಕ್ಕೆ ಜೋಡಿಸಿದರು, ದಡದಲ್ಲಿದ್ದ ನಮ್ಮನ್ನು ದೂರದ ಕಾಲನಿಗೆ ಕಳಿಸಿದರು. ಆ ದಿನ ಸಾಮಾನು ಹೊತ್ತವನು ನಾನೇ. ಆದರೂ ಇಲ್ಲಿ ಕೂತು, ಇಲ್ಲದ ಮರವನ್ನು ಅಷ್ಟು ಧೈರ್ಯವಾಗಿ ತೋರಿಸಿದ್ದೆ.

"ಮತ್ತೆ ಅಪ್ಪ ಇಷ್ಟು ವರ್ಷ ಹೇಗೆ ಹೋಗ್ತಿದ್ದ?"

"ಮರ ಹೋದ್ಮೇಲೆ ಬೇರೆ ಗುರುತು ಹಿಡ್ದಿದ್ದ. ನಾ ಕೇಳಿದ್ರೆ, ನಿನ್ನ ಅಣ್ಣ ಬರ್ಲಿ, ಅವ್ನಿಗೆ ಹೇಳ್ತೆ ಅಂತಿದ್ದ. ಹೇಳಿರ್ಬೇಕು ಅಂದ್ಕಂಡಿದ್ದೆ."

ನನಗೆ ರಜೆ ಸಿಗುತ್ತಿದ್ದುದು ಮಳೆಗಾಲದಲ್ಲಿ. ಆಗ ದೋಣಿಗಳೆಲ್ಲ ದಡದ ಮೇಲೆ ಮಗುಚಿ ಮಲಗಿರುತ್ತವೆ. ನಮ್ಮ ದೋಣಿಯ ಪಕ್ಕ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಕೂರುತ್ತಿದ್ದ. ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಕಾಲ ಕೆಳಗಿನ ನೆಲ ನೋಡಿ ಸುಮ್ಮನಾಗುತ್ತಿದ್ದ.