ಕಾವು ಕೊಟ್ಟಾಕಿ

ಸೀಟಿನ ಕೆಳಗಿನಿಂದ ಕೊರ್, ಕೊರ್ ಎಂಬ ಸದ್ದು ಬಂತು. ಗಂಟಲಲ್ಲೇ ತಿರುಗುವ, ಮುನಿಸಿಕೊಂಡ ಸದ್ದು. ಅದರ ಹಿಂದೆಯೇ ಬೆಚ್ಚಗಿನ ಪುಕ್ಕದ ವಾಸನೆ, ಹೊಟ್ಟಿನ ವಾಸನೆ. ಅದು ಮೋರಟಗಿಯಿಂದ ಸಿಂದಗಿ ಮೇಲೆ ಇಂಡಿಗೆ ಹೋಗುವ ಬೆಳಗಿನ ಬಸ್ಸು, ನಾನು ಅದರ ಕಂಡಕ್ಟರ್. ಹಳೆಯ ಸೀರೆ ಸುತ್ತಿದ ಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದ ಮುದುಕಿಯ ಹೆಸರು ಹಜರತಬಿ ಎಂದು ಆಮೇಲೆ ತಿಳಿಯಿತು. ಈಗ ಹೆಂಗಸರಿಗೆ ಬಸ್ಸು ಉಚಿತ, ಕೋಳಿಗೆ ಮಾತ್ರ ಅರ್ಧ ಟಿಕೆಟ್. ಕೋಳಿಯೂ ಹೆಂಗಸೇ ಅಲ್ಲವೇ ಎಂದು ನನ್ನ ಕೂಡ ವಾದಿಸದ ಮುದುಕಿಯರಿಲ್ಲ. ಆಕೆಯೂ ಅದನ್ನೇ ಶುರು ಮಾಡಿದ್ದಳು. ಅಷ್ಟರಲ್ಲಿ ಸೀರೆಯ ಸಂದಿನಿಂದ ಒಂದು ಕೋಳಿ ತಲೆ ಹೊರಗೆ ಹಾಕಿತು. ಕುತ್ತಿಗೆಯ ಮೇಲೆ ಒಂದು ಪುಕ್ಕವೂ ಇರಲಿಲ್ಲ. ಟಿಕೆಟ್ ಮಷಿನ್ ಮೇಲಿದ್ದ ನನ್ನ ಬೆರಳು ಅಲ್ಲೇ ನಿಂತಿತು.

ಆ ದಿನಗಳಲ್ಲಿ ನನಗೆ ಕೋಳಿಯದೇ ಚಿಂತೆ. ಇಂಡಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ್ದೆ, ಹಿಂದೆ ಒಂದಿಷ್ಟು ಹಿತ್ತಲು ಉಳಿದಿತ್ತು. ಅಲ್ಲಿ ಐದಾರು ಕೋಳಿ ಸಾಕಿಯೇ ತೀರುತ್ತೇನೆ ಎಂದು ಹಟ ತೊಟ್ಟಿದ್ದೆ. ಯಾವ ಜಾತಿಯದು ಎಂದು ಬಾಯಿ ಬಿಟ್ಟದ್ದೇ ತಪ್ಪಾಯಿತು. ನಮ್ಮ ಡ್ರೈವರ್ ಗಿರಿರಾಜ ಎಂದ, ಮೈ ತುಂಬಿ ಬೆಳೆಯುತ್ತದಂತೆ. ಪಕ್ಕದ ಮನೆಯ ಟೀಚರ್ ಸ್ವರ್ಣಧಾರ ಎಂದರು, ತತ್ತಿ ಹೆಚ್ಚಂತೆ. ಡಿಪೋದವನೊಬ್ಬ ಕಪ್ಪು ಕಡಕನಾಥನ ಗುಣಗಾನವನ್ನು ಅದಕ್ಕೆ ತಾನೇ ಅಪ್ಪ ಎನ್ನುವಂತೆ ಮಾಡಿದ. ತಲೆ ಕೆಟ್ಟು, ತತ್ತಿ ಹೆಚ್ಚಿಡುವುದನ್ನೇ ತಂದರಾಯಿತು ಎಂದುಕೊಂಡಿದ್ದೆ. ಅವತ್ತು ಆ ಕೊರ್ ಕೊರ್ ಕೇಳಿದ ಮೇಲೆ ಆ ಮಾತೆಲ್ಲ ತಲೆಯಿಂದ ಹಾರಿಹೋಯಿತು. ಕೋಳಿ ತತ್ತಿ ಇಡುವುದನ್ನು ನಿಲ್ಲಿಸಿ, ಕಾವು ಕೂರಲು ಮನಸ್ಸು ಮಾಡಿದಾಗ ಮಾತ್ರ ಹಾಗೆ ಸದ್ದು ಮಾಡುತ್ತದೆ. ಅದನ್ನು ನನಗೆ ಕಲಿಸಿದವಳು ನಮ್ಮ ದೊಡ್ಡವ್ವ ನೀಲವ್ವ.

ಯಂಕಂಚಿಯಲ್ಲಿ ನಮ್ಮದು ಕೂಡಿದ ಮನೆ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ, ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ನನಗೆ ಎರಡು ವರ್ಷ ತುಂಬುವುದರೊಳಗೆ ತಮ್ಮ ಹುಟ್ಟಿ ಅವ್ವನ ಮಡಿಲು ತುಂಬಿತು, ನಾನು ದೊಡ್ಡವ್ವನ ಮಗ್ಗುಲಿಗೆ ಹೋದೆ. ಅವಳ ಸೆರಗಿನ ಒಲೆಹೊಗೆಯ ವಾಸನೆ, ರೊಟ್ಟಿ ಬಡಿಯುವಾಗ ಅಲುಗುವ ಅವಳ ಬಳೆ, ಉಗುರಿನ ಸಂದಿಯ ಜೋಳದ ಹಿಟ್ಟು, ಇವೇ ನನ್ನ ಬಾಲ್ಯ. ಎಂಟು ವರ್ಷದವಳಿದ್ದಾಗ ನನ್ನವೇ ಕೋಳಿ ಬೇಕೆಂದು ಅತ್ತು ಕರೆದು ಮಾಡಿದೆ. ದೊಡ್ಡವ್ವ ಸಿಂದಗಿ ಸಂತೆಗೆ ಕರೆದುಕೊಂಡು ಹೋಗಿ, ಒಂದು ನೀನು ಆರಿಸು, ಒಂದು ನಾನು ಆರಿಸುತ್ತೇನೆ ಎಂದಳು. ನಾನು ಹಾಲಿನಂಥ ಬಿಳಿ ಫಾರಂ ಕೋಳಿ ಆರಿಸಿದೆ. ಅವಳು ಆರಿಸಿದ್ದು ಮಣ್ಣುಬಣ್ಣದ, ಬೋಳುಕುತ್ತಿಗೆಯ ಜವಾರಿ ಕೋಳಿ. ಓಣಿಯ ಹುಡುಗಿಯರು ಅದನ್ನು ನೋಡಿ ಬಿದ್ದು ಬಿದ್ದು ನಕ್ಕರು. ನಾನು ನಾಚಿಕೆಯಿಂದ ಎರಡು ದಿನ ದೊಡ್ಡವ್ವನ ಕೂಡ ಮಾತು ಬಿಟ್ಟೆ.

ಬಿಳಿ ಕೋಳಿ ತತ್ತಿ ಇಟ್ಟಿತು, ಸುಳ್ಳು ಹೇಳಬಾರದು, ಬಿಡದೆ ಇಟ್ಟಿತು. ಆದರೆ ತಿಪ್ಪೆಯಲ್ಲಿ ಒಂದು, ಕಟ್ಟಿಗೆಯ ರಾಶಿಯಲ್ಲಿ ಒಂದು ಇಟ್ಟು ಬೆನ್ನು ತಿರುಗಿಸಿ ನಡೆದುಬಿಡುತ್ತಿತ್ತು. ಮಾಗಿಯ ಕೊನೆಗೆ ಬೋಳುಕುತ್ತಿಗೆಯದು ಕೊರ್ ಎನ್ನತೊಡಗಿತು. ದೊಡ್ಡವ್ವ ಬುಟ್ಟಿಗೆ ಬೂದಿ, ಮೇಲೆ ಹೊಟ್ಟು ಹಾಸಿ, ಗುಡುಗಿಗೆ ಕೆಡದಿರಲೆಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಟ್ಟು, ಬಿಳಿ ಕೋಳಿಯ ತತ್ತಿಗಳನ್ನೇ ಅದರ ಕೆಳಗೆ ಸರಿಸಿದಳು. ಅದು ಅನುಮಾನಪಡದೆ ಎದೆಯ ಪುಕ್ಕ ಬಿಚ್ಚಿ ಕೂತಿತು. ಇಪ್ಪತ್ತೊಂದು ದಿನ ದಿನಕ್ಕೊಮ್ಮೆ ಎದ್ದು ಕಾಳು ಹೆಕ್ಕಿ, ಓಡಿ ಬಂದು ಕೂರುತ್ತಿತ್ತು, ಒಣಗಿ ಕಡ್ಡಿಯಾಯಿತು. ಹುಟ್ಟಿದ ಮರಿಗಳೆಲ್ಲ ಬಿಳಿಬಿಳಿ. ಒಂದು ದಿನ ಹದ್ದು ಎರಗಿದಾಗ ಬಿಳಿ ಕೋಳಿ ಚಕ್ಕಡಿಯ ಕೆಳಗೆ ಹೊಕ್ಕಿತು, ಬೋಳುಕುತ್ತಿಗೆಯದು ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡು ಹದ್ದಿನ ಮುಖಕ್ಕೇ ಹಾರಿತು. ಇವು ಯಾರ ಮರಿ ಎಂದು ನಾನು ಕೇಳಿದೆ. ನನ್ನ ಆಯ್ಕೆಯೇ ಗೆದ್ದಿತೆಂದು ಹೇಳಿಸಿಕೊಳ್ಳುವ ಆಸೆ. ದೊಡ್ಡವ್ವ ನುಚ್ಚು ಚೆಲ್ಲುತ್ತ, ನನ್ನ ಕಡೆ ನೋಡದೆಯೇ ಹೇಳಿದಳು:

“ಕಾವು ಕೊಟ್ಟಾಕಿ ಮರಿ.”

ಮರುವರ್ಷ ಅಪ್ಪ, ಕಾಕಂದಿರು ಬೇರೆಯಾದರು. ಪಾತ್ರೆ ಭಾಂಡೆ, ಎತ್ತು, ಹೊಲ, ಎಲ್ಲ ಪಾಲಾಯಿತು. ಅಪ್ಪ ಇಂಡಿಗೆ ಹೋಗಿ ಅಂಗಡಿ ಹಾಕುವವನಿದ್ದ, ತತ್ತಿ ಕೊಡುತ್ತವೆಂದು ಬಿಳಿ ಕೋಳಿಗಳನ್ನೆಲ್ಲ ತೆಗೆದುಕೊಂಡ. ದೊಡ್ಡವ್ವ ಮುದ್ದೇಬಿಹಾಳದ ಕಡೆಯ ತನ್ನ ತವರಿಗೆ ಹೊರಟವಳು ಬೋಳುಕುತ್ತಿಗೆಯ ಕೋಳಿಯನ್ನಷ್ಟೇ ಕೇಳಿದಳು. ಹಿರಿಯರೊಬ್ಬರು ನನ್ನನ್ನೂ ಕೇಳಿದರು, “ನೀ ಯಾರ ಕೂಡ ಇರ್ತೀಯವ್ವಾ?” ದೊಡ್ಡವ್ವ ಬಾಗಿಲ ಹತ್ತಿರ ನಿಂತಿದ್ದಳು. ಇಂಡಿಯಲ್ಲಿ ಫ್ಯಾನ್ ಇದೆ, ಐಸ್‌ಕ್ಯಾಂಡಿ ಇದೆ, ದೊಡ್ಡ ಸಾಲೆ ಇದೆ ಎಂದು ತಮ್ಮ ನನ್ನ ಕಿವಿ ತುಂಬಿದ್ದ. ನಾನು ನೆಟ್ಟಗೆ ನಡೆದು ಅವ್ವನ ಪಕ್ಕಕ್ಕೆ ನಿಂತೆ. ಸಣ್ಣವಳಿದ್ದೆ, ನಿನ್ನದೇನು ತಪ್ಪು ಎಂದು ಜನ ಸಮಾಧಾನ ಹೇಳುತ್ತಾರೆ. ನನಗೆ ಆ ಸಮಾಧಾನ ಬೇಡ. ಆರಿಸಿದ್ದು ನಾನೇ.

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ಒಂದು ಕಡೆ, ಅವಳದು ಇನ್ನೊಂದು ಕಡೆ. ಅವಳು ನನ್ನ ಲಂಗದ ಚುಂಗಿಗೆ ಹುರಿದ ಶೇಂಗಾ ಕಟ್ಟಿ, ಹೋಗಿ ಕಿಟಕಿಯ ಹತ್ತಿರ ಕೂತಳು. ಬುಟ್ಟಿ ತೊಡೆಯ ಮೇಲೆ. ಕಂಡಕ್ಟರ್ ಕೋಳಿಗೆ ಟಿಕೆಟ್ ತಗೋ ಎಂದು ಗದರುತ್ತಿದ್ದ. ಸೀರೆಯ ಸಂದಿನಿಂದ ಆ ಬೋಳು ಕುತ್ತಿಗೆ ಹೊರಗೆ ಚಾಚಿತ್ತು. ನಾನು ಕೈ ಬೀಸಲಿಲ್ಲ. ಆಮೇಲೆ ಎರಡೇ ಸಲ ಹೋಗಿ ಬಂದೆ, ಮೂರನೆಯ ಸಲಕ್ಕೆ ಅವಳೇ ಇರಲಿಲ್ಲ. ನಮ್ಮ ಬಿಳಿ ಕೋಳಿಗಳು ಎರಡು ವರ್ಷ ತತ್ತಿ ಇಟ್ಟು ಒಂದೊಂದಾಗಿ ಮುಗಿದವು, ಒಂದು ಮರಿಯೂ ಉಳಿಯಲಿಲ್ಲ. ಯಂಕಂಚಿಯ ಮನೆ ಇದ್ದಲ್ಲಿ ಈಗ ಗೊಬ್ಬರದ ಗೋದಾಮು ಇದೆ. ಆ ಊರಿನವರು ಬಸ್ಸಿನಲ್ಲಿ ನನ್ನ ಗುರುತು ಹಿಡಿದು ಯಾರ ಮಗಳೆಂದು ಕೇಳಿದಾಗಲೆಲ್ಲ ಅಪ್ಪನ ಹೆಸರು ಹೇಳಿ ಮುಂದಿನ ಸೀಟಿಗೆ ಹೋಗುತ್ತಿದ್ದೆ.

ಅವತ್ತು ಹಜರತಬಿಗೆ ಆ ಕೋಳಿ ಕೊಡು ಎಂದು ಕೇಳಿಯೇಬಿಟ್ಟೆ. ಕೇಳಿದ ಬೆಲೆ ಕೊಡುತ್ತೇನೆ ಎಂದೆ. ಆಕೆ ಬುಟ್ಟಿಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು.

“ಕಾವಿಗೆ ಬಂದ ಕೋಳಿ ಮಾರೂದಿಲ್ಲವ್ವಾ. ಮಗಳ ಮನ್ಯಾಗಿನವು ತತ್ತಿ ಇಡತಾವ, ಕೂಡ್ರೂದಿಲ್ಲ. ಅದಕ್ಕ ಇದನ್ನ ಒಯ್ಯಾಕತ್ತೇನಿ. ನಿನಗ ಬೇಕಂದ್ರ ಇದರ ತಳಿದು ಒಂದು ಹ್ಯಾಟಿ, ಎಳೀ ಕೋಳಿ, ಪಾಲಿಗೆ ಕೊಡ್ತೇನಿ. ಮರಿ ಆದ್ರ ಅರ್ಧ ನಿಂದು, ಅರ್ಧ ನಂದು.”

ಟಿಕೆಟ್ ಕೊಟ್ಟೆ, ಮಾತೂ ಕೊಟ್ಟೆ. ಆರು ತಿಂಗಳು ಪ್ರತಿ ಟ್ರಿಪ್ಪಿಗೂ ಮೋರಟಗಿಯಲ್ಲಿ ಇಳಿದು ವಿಚಾರಿಸಿದೆ. ಇಂಥ ಹುಚ್ಚಿ ಕಂಡಿಲ್ಲ ಎಂದು ಡ್ರೈವರ್ ನಗುತ್ತಿದ್ದ, ನಗಲಿ. ಈಗ ನನ್ನ ಹಿತ್ತಲಿನಲ್ಲಿ ಹಜರತಬಿ ಕೊಟ್ಟ ಬೋಳುಕುತ್ತಿಗೆಯ ಹ್ಯಾಟೆ ಮೊದಲ ಕಾವಿಗೆ ಕೂತಿದೆ. ಬುಟ್ಟಿಯಲ್ಲಿ ಬೂದಿ, ಹೊಟ್ಟು, ಕಬ್ಬಿಣದ ಚೂರು, ಇದ್ದಿಲು. ಕೆಳಗೆ ಡ್ರೈವರ್ ತಂದುಕೊಟ್ಟ ಗಿರಿರಾಜದ ತತ್ತಿಗಳು, ಟೀಚರ್ ಮನೆಯ ಸ್ವರ್ಣಧಾರದವೂ ನಾಲ್ಕು. ಕೋಳಿ ಯಾವುದನ್ನೂ ಬೇಡ ಎನ್ನಲಿಲ್ಲ. ಕೈ ಹಾಕಿದರೆ ಕುಕ್ಕುತ್ತದೆ, ಆದರೂ ದಿನಾ ಡ್ಯೂಟಿಗೆ ಹೊರಡುವ ಮೊದಲು ಆ ಬಿಸಿಯಲ್ಲಿ ಒಂದು ಗಳಿಗೆ ಕೈ ಇಡುತ್ತೇನೆ. ದೊಡ್ಡವ್ವನ ಮಗ್ಗುಲೂ ಹೀಗೇ ಬೆಚ್ಚಗಿತ್ತು.

ಹೋದ ವಾರ ಯಂಕಂಚಿಯ ಅಜ್ಜನೊಬ್ಬ ಬಸ್ಸು ಹತ್ತಿದ. ಮುಖ ದಿಟ್ಟಿಸಿ, ನಮ್ಮೂರಾಕಿ ಅಲ್ಲೇನು, ಯಾರ ಮಗಳು ಎಂದ.

“ನೀಲವ್ವನ ಮಗಳ್ರಿ” ಎಂದೆ.

ಅಜ್ಜ ಬಹಳ ಹೊತ್ತು ನೆನಪು ಮಾಡಿಕೊಂಡ. “ಆ ಬೋಳುಕುತ್ತಿಗಿ ಕೋಳಿ ನೀಲವ್ವ? ಆಕಿಗೆ ಮಕ್ಕಳ ಇರಲಿಲ್ಲಲ್ಲ.”

“ಒಬ್ಬಾಕಿ ಇದ್ದಳ್ರಿ” ಎಂದೆ. “ತಡಾ ಮಾಡಿ ಬಂದ್ಲು.”

ಅವನ ಟಿಕೆಟ್ ಕೈಗೆ ಕೊಟ್ಟು ಮುಂದಿನ ಸೀಟಿಗೆ ಹೋದೆ.