ನನ್ನ ಕಾರ್ಡಿನಲ್ಲಿ ಅವಳ ಎದೆನೋವು

ರೇಖಾ, ನಿನ್ನ ಅವ್ವನ ಜೀವ ಉಳಿಸಬಹುದಾಗಿದ್ದ ಮಾತೊಂದು ನನ್ನ ಬಾಯಲ್ಲಿತ್ತು. ನಾನದನ್ನು ಹೇಳಲಿಲ್ಲ. ನಾನು, ನಿನ್ನ ದೊಡ್ಡವ್ವ—ಒಂದೇ ಅಂಗಳದ ಆಚೆ ಬಾಗಿಲಿನವಳು.

ನನ್ನ ವಾರಗಿತ್ತಿ ಶಾಂತಳಿಗೆ ಎದೆ ಹಿಡಿದುಕೊಂಡ ದಿನ ಜಗಳೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದೊಯ್ದವಳೂ ನಾನೇ. ಅವಳ ಆಧಾರ್ ಕಾರ್ಡು ಚನ್ನಗಿರಿಯ ತವರಿನಲ್ಲಿ ಉಳಿದಿತ್ತು. ಕಾರ್ಡಿಲ್ಲದೆ ಚೀಟಿ ಕೊಡುವುದಿಲ್ಲವೆಂದರು. ನನ್ನದನ್ನೇ ಕೊಟ್ಟೆ—ಮುಖ ಯಾರು ನೋಡುತ್ತಾರೆ? ಇಸಿಜಿ ಅವಳದು, ಕಂಪ್ಯೂಟರಿಗೆ ಏರಿದ ಹೆಸರು ನನ್ನದು. ಹೃದಯದ ತೊಂದರೆ, ಮಾತ್ರೆ ಬಿಡಬೇಡಿ, ಮತ್ತೆ ಬಂದು ತೋರಿಸಿ ಎಂದರು ಡಾಕ್ಟರು. ಮನೆಯಲ್ಲಿ ಹೆದರುತ್ತಾರೆ, ಯಾರಿಗೂ ಹೇಳಬೇಡಕ್ಕ ಎಂದು ಶಾಂತಾ ನನ್ನ ಕೈ ಹಿಡಿದಳು. ನೋವು ಇಳಿಯಿತು, ಅವಳು ಮತ್ತೆ ಆಸ್ಪತ್ರೆಗೆ ಹೋಗಲೇ ಇಲ್ಲ.

ಆಮೇಲೆ ನಿಮ್ಮ ಕುರಿಗಳು ನಮ್ಮ ಶೇಂಗಾ ಹೊಲಕ್ಕೆ ನುಗ್ಗಿದವು. ನಾನು ಆಡಬಾರದ್ದು ಆಡಿದೆ, ಅವಳೂ ಬಿಡಲಿಲ್ಲ. ಮಾತು ನಿಂತಿತು.

ಆಗಲೇ ಆಸ್ಪತ್ರೆಯವರು, ಹೃದಯದ ಕಾಯಿಲೆಯಿದ್ದೂ ಔಷಧಿಗೆ ಬಾರದವರನ್ನು ಕಂಪ್ಯೂಟರಿನಲ್ಲಿ ಹುಡುಕಿ ಕರೆಸತೊಡಗಿದ್ದು. ಆಶಾ ಕಾರ್ಯಕರ್ತೆ ಗಿರಿಜಾ ನನ್ನ ಬಾಗಿಲಿಗೆ ಬಂದಳು.

"ಅಕ್ಕಾ, ಕಂಪ್ಯೂಟರ್‌ನಾಗೆ ನಿಮ್ ಹೆಸ್ರು ಬಂದೈತೆ. ಹಾರ್ಟಿಂದು ತೊಂದ್ರೆ ಐತಂತೆ. ದಾವಣಗೆರೆ ದೊಡ್ಡಾಸ್ಪತ್ರೆಗೆ ಕಳಿಸ್ತಾರಂತೆ, ಗುರುವಾರ ಬರ್ರಿ."

ಅಂಗಳದ ಆ ತುದಿಯಲ್ಲಿ ಶಾಂತಾ ಕೊಡ ಇಳಿಸಿ ಗೋಡೆಗೆ ಒರಗಿ ಕೂತಿದ್ದಳು. ಉಸಿರು ಸಾಲದೆ ಬಾಯಿ ತೆರೆದಿದ್ದಳು. ಕಂಡೆ—ಕಂಡೂ—

"ನಂಗೇನೂ ಆಗಿಲ್ಲ ಕಣವ್ವ," ಎಂದೆ. "ಗುಂಡ್ಕಲ್ಲಿದ್ದಂಗೆ ಅದೀನಿ."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗಿರಿಜಾ ನಂಬಿ ಹೋದಳು. ಕಾರ್ಡು ಕೊಟ್ಟ ತಪ್ಪಿಗೆ ಹೆದರಿದೆ ಎನ್ನಬಹುದಿತ್ತು. ಹೆದರಿಕೆಯಲ್ಲ, ಹಟ. ಶಾಂತಳೇ ಬಂದು ಮಾತಾಡಿಸಲಿ, ಆಗ ಹೇಳಿದರಾಯಿತು ಅಂದುಕೊಂಡೆ.

ಶೇಂಗಾ ಕೀಳುವಾಗ ಶಾಂತಾ ಹೊಲದಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಮೊದಲೇ ಏನಾದರೂ ತೊಂದರೆ ಇತ್ತೇ ಎಂದು ಡಾಕ್ಟರು ಕೇಳಿದರು. ಏನೂ ಇರಲಿಲ್ಲ ಎಂದೆ ನೀನು, ಅಳುತ್ತಾ. ನಿನ್ನ ಭುಜ ಹಿಡಿದು ಪಕ್ಕದಲ್ಲೇ ನಿಂತಿದ್ದೆ ನಾನು. ಆಗಲೂ ಬಾಯಿ ಬಿಡಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿದ್ದು ಅವತ್ತು.

ಈಗಲೂ ನನ್ನ ಫೋನಿಗೆ ಮೆಸೇಜು ಬರುತ್ತದೆ—ಹೃದಯ ತಪಾಸಣೆಗೆ ಬನ್ನಿ ಎಂದು. ಅವರ ಪಾಲಿಗೆ ಆ ರೋಗಿ ಇನ್ನೂ ಬದುಕಿದ್ದಾಳೆ. ಈ ಗುರುವಾರ ಹೋಗಿ, ಆ ಎದೆ ನನ್ನದಲ್ಲ, ಶಾಂತಳದು ಎಂದು ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ ಹೇಳಬೇಕಿತ್ತು, ಹೇಳಿದ್ದೇನೆ. ಜೊತೆಗೆ ಬಾ ಎನ್ನುವ ಬಾಯಿ ನನಗಿಲ್ಲ.